ಟಪಾಲು ಖರ್ಚು ಯಾರ ಹೆಗಲಿಗೆ?



ಅಡಿಕೆ ಟೆಂಡರಿಗೆ ಮಾಲು ಒಯ್ದ ನಮ್ಮವರಲ್ಲಿ ಯಾರಾದರೂ ಕಾನ್ಪುರಕ್ಕೆ ಹೋಗುವ ಲಾರಿಯ ಬಾಡಿಗೆ ತೆತ್ತದ್ದುಂಟೆ? ಸಿರಸಿಯಲ್ಲಾಗಲಿ ಶಿವಮೊಗ್ಗದಲ್ಲಾಗಲಿ ಮಾಲು ತೂಗಿತು, ದರದ ಚೀಟಿ ಬಂತು. ಅಲ್ಲಿಂದಾಚೆಗೆ ಸಾಗಾಟ ಖರೀದಿದಾರನ ಪಾಡು. ಕಾಫಿಯವರಿಗಂತೂ 1996ರ ಹೊತ್ತಿಗೆ ಪೂಲ್ ಪದ್ಧತಿ ಪೂರ್ತಿ ಮುಗಿಯುವವರೆಗೆ ಗಿರಾಕಿಯ ಮುಖ ನೋಡುವ ಪ್ರಸಂಗವೇ ಕಡಿಮೆ. ಈಗ ಆನ್‌ಲೈನ್ ಹರಾಜು ಬಂದಿದೆ. ದರ ಏರಿಸುವವನು ದಿಲ್ಲಿಯಲ್ಲಿ, ಪೊಟ್ಟಣ ನಮ್ಮ ಜಗಲಿಯಲ್ಲಿ. ಮಾಲಿನ ಬೆಲೆಗೆ ಯಾರೂ ತಕರಾರು ಮಾಡುವುದಿಲ್ಲ. ಜಗಳವೆಲ್ಲ ಅದನ್ನು ಅವನ ಬಾಗಿಲಿಗೆ ಮುಟ್ಟಿಸುವ ಖರ್ಚಿನದು.

ನಾನು ಯಳವತ್ತಿಯವನು. ಅಲ್ಲಿ ಕಾಫಿಯೂ ಇಲ್ಲ, ತೋಟವೂ ಇಲ್ಲ; ಮೆಣಸಿನಕಾಯಿ, ಶೇಂಗಾ, ಉಳ್ಳಾಗಡ್ಡಿಯ ಸೀಮೆ. ಟಪಾಲು ಖಾತೆಯಲ್ಲಿ ದುಡಿದು ನಿವೃತ್ತನಾಗಿ ಈಗ ಮೂಡಿಗೆರೆ ಕಡೆ ಅಳಿಯನ ತೋಟದ ಲೆಕ್ಕ ಬರೆಯುತ್ತೇನೆ. ಆದ್ದರಿಂದ ಈ ವಿಷಯದಲ್ಲಿ ಎರಡು ಮಾತು ಹೇಳುವ ಅಧಿಕಾರ ನನಗುಂಟು ಎಂದು ಭಾವಿಸಿದ್ದೇನೆ. ಊರಲ್ಲಿ ವಿ.ಪಿ.ಪಿ. ಕಾಲ ನೋಡಿದವನು ನಾನು. ಪೇಪರಿನ ಜಾಹೀರಾತು ನೋಡಿ ಉತ್ಸಾಹದಿಂದ ಗಡಿಯಾರಕ್ಕೆ ಬರೆದ ಹುಡುಗ, ಪಾರ್ಸಲ್ ಬರುವ ಹೊತ್ತಿಗೆ ಕೈಯಲ್ಲಿ ರೊಕ್ಕವಿಲ್ಲದೆ ಟಪಾಲು ಕಚೇರಿಯ ಓಣಿಯನ್ನೇ ಬಿಟ್ಟು ಓಡಾಡುತ್ತಿದ್ದ. ಪಾರ್ಸಲ್ ತಿರುಗಿ ಹೋಗುತ್ತಿತ್ತು, ಕಳಿಸಿದವನ ಟಪಾಲು ಖರ್ಚು ಮುಳುಗುತ್ತಿತ್ತು.

ಕಳೆದ ಸುಗ್ಗಿಯಲ್ಲಿ ಅಳಿಯ ಒಂದು ಕೆ.ಜಿ. ಕಾಫಿ ಪುಡಿಯನ್ನು ಹರಾಜಿಗಿಟ್ಟ. ಒಳ್ಳೆಯ ದರ ಬಂತು. ಟಪಾಲು ಖರ್ಚೆಂದು 240 ರೂಪಾಯಿ ಕೇಳಿದ. ಪಾರ್ಸಲ್ ಕೈಗೆ ಬಂದ ಮೇಲೆ ಗಿರಾಕಿ ಅದರ ಮೇಲಿದ್ದ 189 ರೂಪಾಯಿಯ ಚೀಟಿಯ ಫೋಟೋ ತೆಗೆದು ಕಳಿಸಿ, "ಉಳಿದ 51 ರೂಪಾಯಿ ಯಾತಕ್ಕೆ? ಹಿಂದಿರುಗಿಸದಿದ್ದರೆ ಒಂದೇ ಸ್ಟಾರ್ ಕೊಡುತ್ತೇನೆ" ಎಂದು ಬರೆದ. ರಟ್ಟಿನ ಪೆಟ್ಟಿಗೆ, ಟೇಪು 28 ರೂಪಾಯಿ. ಪೇಟೆಗೆ ಆಟೋದ ಪಾಲು 23 ರೂಪಾಯಿ. ಲೆಕ್ಕ ಸರಿಯೇ ಇತ್ತು. ಆದರೆ ಅಳಿಯ ಸಿಟ್ಟಿನಲ್ಲಿ ಖಾರವಾಗಿ ಉತ್ತರಿಸಿದ. ಒಂದು ಸ್ಟಾರ್ ಬಿತ್ತು. ಮುಂದಿನ ಸಲ ದರ ಹಾಕಿದವರು ಇಬ್ಬರೇ. ಆಮೇಲೆ 51 ರೂಪಾಯಿ ಕಳಿಸಿದ್ದೂ ಆಯಿತು. ಸ್ಟಾರ್ ಮಾತ್ರ ಹಾಗೆಯೇ ಉಳಿಯಿತು.

ಬೆದರಿಕೆ ಹಾಕಿದ್ದು ತಪ್ಪು. ಆದರೂ ಅರ್ಧ ನ್ಯಾಯ ಗಿರಾಕಿಯ ಕಡೆಗೇ ಇದೆ ಎನ್ನುವುದು ನನ್ನ ಅಭಿಪ್ರಾಯ. ಅಳಿಯನಿಗೂ ಹೇಳಿದ್ದೇನೆ, ಅವನಿಗೆ ರುಚಿಸಿಲ್ಲ. ಟಪಾಲು ಖರ್ಚು ಎಂದರೆ ರಸೀದಿಯಲ್ಲಿರುವ ಅಂಕಿ. ಪೆಟ್ಟಿಗೆ, ಆಟೋ ನಮ್ಮ ವ್ಯಾಪಾರದ ಖರ್ಚು. ಅವನ್ನು ಹರಾಜಿನ ಆರಂಭದ ದರದಲ್ಲೇ ಸೇರಿಸಬೇಕು. ಬೆಲೆ ಕಡಿಮೆ ತೋರಿಸಿ ಟಪಾಲಿನಲ್ಲಿ ಲಾಭ ಎತ್ತುವ ಉಪಾಯ ಹೊಸದಲ್ಲ. ಇ-ಬೇ ಹರಾಜಿನಲ್ಲಿ ಕಮಿಷನ್ ಮಾಲಿನ ಬೆಲೆಯ ಮೇಲೆ ಮಾತ್ರ ಇದ್ದಾಗ ಹಲವರು ಹೀಗೇ ಮಾಡಿದರು. 2011ರಲ್ಲಿ ಆ ಕಂಪನಿ ಅಮೆರಿಕದಲ್ಲಿ ಟಪಾಲು ಖರ್ಚಿನ ಮೇಲೂ ಕಮಿಷನ್ ಹಾಕಿತು. ಅಂಥ ಮಾರಾಟಗಾರರ ಕೈಯಲ್ಲಿ ಸುಟ್ಟುಕೊಂಡ ಗಿರಾಕಿ ನಮ್ಮನ್ನೂ ಅದೇ ಕಣ್ಣಿನಿಂದ ನೋಡಿದರೆ ಆಶ್ಚರ್ಯವೇನು?

ಕಾನೂನೂ ಇದೆ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ಮಾರಾಟಗಾರನು ಒಟ್ಟು ಬೆಲೆಯನ್ನೂ, ಅದರಲ್ಲಿ ಟಪಾಲು, ನಿರ್ವಹಣೆ, ತೆರಿಗೆ ಎಷ್ಟೆಷ್ಟು ಎಂಬುದನ್ನೂ ಬಿಡಿಸಿ ತೋರಿಸಬೇಕು. ಕೊನೆಯ ಗಳಿಗೆಯಲ್ಲಿ ಖರ್ಚು ಸೇರಿಸುವ ಚಾಳಿಯನ್ನು 2023ರ ಮಾರ್ಗಸೂಚಿಗಳು ಮೋಸದ ವಿಧಾನಗಳ ಪಟ್ಟಿಗೇ ಹಾಕಿವೆ.

ಇನ್ನು ತೂಕದ ಸಂಗತಿ. ನಮ್ಮವರು ಹೆಚ್ಚು ಪೆಟ್ಟು ತಿನ್ನುವುದು ಇಲ್ಲಿ. ಪುಡಿ ಒಂದು ಕೆ.ಜಿ. ಎಂದು ಒಂದು ಕೆ.ಜಿ.ಯ ದರ ಹೇಳಿಬಿಡುತ್ತಾರೆ. ಕಟ್ಟಿದ ಮೇಲೆ 1,120 ಗ್ರಾಂ! ಸ್ಪೀಡ್ ಪೋಸ್ಟಿನಲ್ಲಿ 500 ಗ್ರಾಮಿನ ನಂತರ ದರ ಏರುವುದು 500 ಗ್ರಾಮಿನ ಮೆಟ್ಟಿಲಲ್ಲಿ. ಆ 120 ಗ್ರಾಮಿಗೆ ಇಡೀ ಮೆಟ್ಟಿಲಿನ ದುಡ್ಡು. 850 ಗ್ರಾಮಿನ ಪೊಟ್ಟಣ ಮಾಡಿ ಹರಾಜಿಗಿಟ್ಟರೆ ಒಂದು ಮೆಟ್ಟಿಲು ಉಳಿದೀತು. ಕೊರಿಯರಿನವರು ಗಾತ್ರವನ್ನೂ ತೂಗುತ್ತಾರೆ: ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. 30, 25, 20ರ ಪೆಟ್ಟಿಗೆಯಲ್ಲಿ ಒಂದೇ ಕೆ.ಜಿ. ಹುರಿದ ಬೀಜ ಇಟ್ಟರೂ ಅವರ ಪುಸ್ತಕದಲ್ಲಿ ಅದು 3 ಕೆ.ಜಿ. ಆದ್ದರಿಂದ ಮೊದಲು ಕಟ್ಟಿ, ತೂಗಿ, ಅಳೆದು, ಆಮೇಲೆ ಹರಾಜಿಗಿಡಿ. ದೂರಕ್ಕೆ ತಕ್ಕ ದರವನ್ನು ಪಿನ್ ಕೋಡ್ ನೋಡಿ ಮೊದಲೇ ಬರೆಯಿರಿ. ಎರಡು ಪೊಟ್ಟಣ ಗೆದ್ದವನಿಗೆ ಒಂದೇ ಪಾರ್ಸಲ್ ಮಾಡಿ, ಒಂದೇ ಟಪಾಲು ಖರ್ಚು ಹಿಡಿಯಿರಿ.

ಇಷ್ಟೆಲ್ಲ ಮಾಡಿದರೂ ತಕರಾರು ತೆಗೆಯುವವರು ಇದ್ದೇ ಇರುತ್ತಾರೆ. ಪುಕ್ಕಟೆ ಟಪಾಲು ಬೇಕು, ಇಲ್ಲವೆ ಸ್ಟಾರ್ ಕತ್ತರಿಸುತ್ತೇನೆ ಎನ್ನುವವನಿಗೆ ರಸೀದಿಯ ಪ್ರತಿ ಕಳಿಸಿ, ವಿನಯದಿಂದ ಒಂದೇ ಪತ್ರ ಬರೆದು ಸುಮ್ಮನಾಗಿ. ನಿಜವಾಗಿ ಹೆಚ್ಚು ಹಿಡಿದಿದ್ದರೆ ಕೇಳುವ ಮೊದಲೇ ತಿರುಗಿ ಕೊಡಿ. ಹೆದರಿ ಮಾತ್ರ ಕೊಡಬೇಡಿ, ಮುಂದಿನವನೂ ಅದನ್ನೇ ಕಲಿಯುತ್ತಾನೆ.

ನಮ್ಮ ಸಂಘಕ್ಕೂ ಒಂದು ವಿನಂತಿ. 1905ರಲ್ಲಿ ನಮ್ಮ ಗದಗಿನ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದವರು ಒಬ್ಬೊಬ್ಬರೇ ಸಾಲಕ್ಕೆ ಅಲೆಯುವುದನ್ನು ತಪ್ಪಿಸಿದರು. ನಾವು ಒಬ್ಬೊಬ್ಬರೇ ಪಾರ್ಸಲ್ ಹಿಡಿದು ಪೇಟೆಗೆ ಅಲೆಯುತ್ತಿದ್ದೇವೆ. ವಾರಕ್ಕೆರಡು ದಿನ ಸಂಘದ ಗೋದಾಮಿನಿಂದಲೇ ಎಲ್ಲರ ಪಾರ್ಸಲ್ ಒಟ್ಟಿಗೆ ಹೋಗುವಂತೆ ಮಾಡಿ, ಟಪಾಲಿನವರೊಡನೆ ಸಗಟು ದರದ ಮಾತು ಆಡಬಾರದೇಕೆ? ಬರುವ ಸರ್ವಸಾಧಾರಣ ಸಭೆಗೆ ಈ ವಿಷಯವನ್ನು ಲಿಖಿತವಾಗಿ ಕೊಡುವವನಿದ್ದೇನೆ. ತೂಕದ ತಕ್ಕಡಿಯೊಂದನ್ನು ಗೋದಾಮಿನಲ್ಲಿ ಈಗಲೇ ಇಟ್ಟರೂ ಅಡ್ಡಿಯಿಲ್ಲ.