ತೋಳಿನ ಕಲೆ ನಂಬಿ ಕೂರಬೇಡಿ

ಗುಳೆ ಹೋಗಿ ಬಂದ ನಮ್ಮ ದೊಡ್ಡಪ್ಪನಿಗೆ ಕಳೆದ ವರ್ಷ ಕ್ಷಯ ಎಂದು ಗೊತ್ತಾಯಿತು. ಆಶಾ ಕಾರ್ಯಕರ್ತೆ ಬಂದು, ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ ಎಂದರು. 'ಸಣ್ಣವರಿದ್ದಾಗಲೇ ಎಲ್ಲಾರಿಗೂ ಸೂಜಿ ಹಾಕ್ಸೇವಲ್ಲ' ಎಂದಳು ಅಜ್ಜಿ. ಎಡತೋಳಿನ ಬಿಸಿಜಿ ಕಲೆ ತೋರಿಸಿ ನಾನೂ ಹೂಂಗುಟ್ಟಿದೆ. ಅಕ್ಕನಿಗೆ ಗಂಡು ನೋಡುತ್ತಿದ್ದರು; ಊರಿಗೆ ತಿಳಿದರೆ ಎಂಬ ಭಯವೂ ಆ ಮಾತಿನ ಹಿಂದಿತ್ತು.

ಪಿಯುಸಿಯಲ್ಲಿ ಪಿಸಿಎಂಸಿ ತೆಗೆದುಕೊಂಡು ಜೀವಶಾಸ್ತ್ರವನ್ನು ಎಸ್ಸೆಸ್ಸೆಲ್ಸಿಗೇ ಕೈಬಿಟ್ಟವನು ನಾನು. ಆಮೇಲೆ ಕುಳಿತು ಓದಿದಾಗ ನಾಚಿಕೆಯಾಯಿತು. ಬಿಸಿಜಿ ಮಕ್ಕಳನ್ನು ಮಿದುಳಿನ ಕ್ಷಯದಂಥ ಭೀಕರ ರೂಪಗಳಿಂದ ಕಾಪಾಡುತ್ತದೆ. ದೊಡ್ಡವರ ಶ್ವಾಸಕೋಶದ ಕ್ಷಯಕ್ಕೆ ಅದನ್ನು ನಂಬಿ ಕೂರುವಂತಿಲ್ಲ. ತಮಿಳುನಾಡಿನ ಚೆಂಗಲ್ಪಟ್ಟು ಭಾಗದಲ್ಲಿ 1968ರಲ್ಲಿ ಶುರುವಾದ ದೊಡ್ಡ ಪ್ರಯೋಗದಲ್ಲೇ ಇದು ಗೊತ್ತಾಗಿತ್ತು.

ಉಸಿರಿನೊಂದಿಗೆ ಒಳಹೊಕ್ಕ ಕ್ಷಯದ ಬ್ಯಾಕ್ಟೀರಿಯಾವನ್ನು ನಮ್ಮ ಭಕ್ಷಕ ಕೋಶ ನುಂಗುತ್ತದೆ. ಅಲ್ಲಿ ಅದು ಈಸ್ಯಾಟ್-6, ಸಿಎಫ್‌ಪಿ-10 ಎಂಬ ಎರಡು ಪುಟ್ಟ ಪ್ರೊಟೀನ್‌ಗಳನ್ನು ಹೊರಬಿಡುತ್ತದೆ. ತನ್ನನ್ನು ಸುತ್ತಿಕೊಂಡ ಪೊರೆ ಕೆಡಿಸಿ ಬದುಕುಳಿಯಲು ಇವು ನೆರವಾಗುತ್ತವೆ. ಆದರೆ ಅದರ ಗುಟ್ಟು ರಟ್ಟು ಮಾಡುವುದೂ ಇವೇ. ನಮ್ಮ ಟಿ-ಕೋಶಗಳು ಈ ಪ್ರೊಟೀನ್‌ಗಳನ್ನು ನೆನಪಿಟ್ಟುಕೊಂಡು, ಮತ್ತೆ ಕಂಡೊಡನೆ ಇಂಟರ್‌ಫೆರಾನ್ ಗಾಮಾ ಸುರಿಸಿ ಭಕ್ಷಕ ಕೋಶಗಳಿಗೆ ಬಲ ತುಂಬುತ್ತವೆ. ಹೀಗಾಗಿ ಬಹುತೇಕರಲ್ಲಿ ಸೋಂಕು ಮಲಗಿಯೇ ಇರುತ್ತದೆ. ಶೇ 5ರಿಂದ 10ರಷ್ಟು ಮಂದಿಯಲ್ಲಿ ಮಾತ್ರ ಎಂದಾದರೂ ಕಾಯಿಲೆಯಾಗಿ ಏಳುತ್ತದೆ.

ಬಿಸಿಜಿಯ ದುರ್ಬಲ ಬ್ಯಾಕ್ಟೀರಿಯಾದಲ್ಲಿ ಈ ಎರಡು ಪ್ರೊಟೀನ್‌ಗಳ ಜೀನ್‌ಗಳೇ ಇಲ್ಲ. ಹಳೆಯ ಮಾಂಟೂ ಪರೀಕ್ಷೆ ಲಸಿಕೆಯನ್ನೇ ಸೋಂಕೆಂದು ತಪ್ಪು ತಿಳಿಯಬಹುದು. ಈ ಪ್ರೊಟೀನ್‌ಗಳನ್ನೇ ಬಳಸುವ ಸೈ-ಟಿಬಿ ಚರ್ಮ ಪರೀಕ್ಷೆ, ಇಗ್ರಾ ರಕ್ತ ಪರೀಕ್ಷೆಗಳು ಹಾಗೆ ಮೋಸ ಹೋಗುವುದಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಮಳೆ ಕೈಕೊಟ್ಟರೆ ಜನ ಗುಳೆ ಹೊರಡುತ್ತಾರೆ. ಶೆಡ್ಡಿನಲ್ಲಿ ಹತ್ತು ಜನರಿಗೆ ಒಂದೇ ಗಾಳಿ. ಕೋಚಿಂಗ್‌ಗೆಂದು ಪಿಜಿ ಸೇರಿ ಚಹಾ-ಬನ್ನಿನಲ್ಲಿ ದಿನ ದೂಡುವ ನಾವೇನೂ ಬೇರೆಯಲ್ಲ. ಊಟದ ಮಾತು ಸುಮ್ಮನೆ ಎತ್ತಿದ್ದಲ್ಲ. ಮಂಗಳೂರಿನ ಯೆನೆಪೊಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಯ ಮನೆಮಂದಿಗೂ ಪೌಷ್ಟಿಕ ಪಡಿತರ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ಇಳಿಯಿತು.

ಗುಳೆ ಹೋದವರು ಊರಿಗೆ ಬರುವುದು ಜಾತ್ರೆಗೆ, ಯುಗಾದಿಗೆ. ಪರೀಕ್ಷಾ ಶಿಬಿರ ಹಾಕಬೇಕಾದ್ದು ಆಗ ಎಂಬುದು ನನ್ನ ಅನಿಸಿಕೆ. ಅದೂ ಒಂದು ದಿನದ್ದಲ್ಲ. ಚರ್ಮ ಪರೀಕ್ಷೆಯ ಫಲಿತಾಂಶ ನೋಡುವುದು 48ರಿಂದ 72 ಗಂಟೆಗಳ ನಂತರ. ತೇರಿನ ದಿನ ಸೂಜಿ ಚುಚ್ಚಿಸಿಕೊಂಡು ಮರುದಿನ ಬಸ್ ಹತ್ತಿದರೆ ಬಾವು ಅಳೆಯುವವರು ಯಾರು? ಕರೆತರುವ ಕೆಲಸಕ್ಕೆ ರಜೆಯಲ್ಲಿರುವ ನಾವಿದ್ದೇವಲ್ಲ.

ಕೊನೆಗೆ ಮನೆಯಲ್ಲಿ ಮೊದಲು ತೋಳು ಚಾಚಿದ್ದು ನಾನೇ. ಬಾವು ಬಂತು, ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ವಾರಕ್ಕೊಮ್ಮೆಯಂತೆ 12 ವಾರದ ಮಾತ್ರೆ ಕೊಟ್ಟಿದ್ದಾರೆ, ಇದು ಏಳನೆಯದು. ಹೋದ ಸೋಮವಾರ ಅಕ್ಕನೂ ಪರೀಕ್ಷೆಗೆ ಹೋಗಿ ಬಂದಳು.