ವಾಸ್ತ ಗೇಟಿನವರೆಗೆ, ಒಳಗೆ ಅಳತೆಗೋಲು

ಇಂಜಿನಿಯರಿಂಗ್ ಕೊನೆಯ ಸೆಮಿಸ್ಟರ್‌ನ ಫಲಿತಾಂಶ ಬರುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಒಂದು ಹುಡುಕಾಟ ಶುರುವಾಗುತ್ತದೆ. ಬೆಂಗಳೂರಿನ ಆ ಕಂಪೆನಿಯಲ್ಲಿ ನಮ್ಮವರು ಯಾರಾದರೂ ಉಂಟಾ? ಉಳ್ಳಾಲದಿಂದ ದುಬೈಗೆ, ದುಬೈಯಿಂದ ಬೆಂಗಳೂರಿಗೆ ವಾಟ್ಸ್‌ಆ್ಯಪ್‌ನಲ್ಲಿ ಬಯೋಡಾಟ ಓಡಾಡುತ್ತದೆ. ಗಲ್ಫ್‌ನಲ್ಲಿ ದುಡಿದ ತಲೆಮಾರು ಅಲ್ಲಿಂದ ತಂದ ಒಂದು ಪದ ಉಂಟು, ವಾಸ್ತ. ಕೆಲಸ ಸಿಕ್ಕಿದರೆ ವಾಸ್ತ ಗಟ್ಟಿ ಇತ್ತು. ಸಿಗದಿದ್ದರೆ ವಾಸ್ತ ಇರಲಿಲ್ಲ, ಅಥವಾ ಹೆಸರು ನೋಡಿ ಕೈಬಿಟ್ಟರು. ಒಳಗೆ ಏನನ್ನು ಅಳೆದರು, ಹೇಗೆ ಅಳೆದರು ಎಂಬ ಮಾತು ಈ ಚರ್ಚೆಯಲ್ಲಿ ಬರುವುದು ಕಡಿಮೆ.

ಶಿಫಾರಸು ಪೂರ್ತಿ ವ್ಯರ್ಥ ಅಂತ ನಾವು ಹೇಳುವುದಿಲ್ಲ. ದೊಡ್ಡ ತಂತ್ರಜ್ಞಾನ ಕಂಪೆನಿಗಳಲ್ಲೂ ರೆಫರಲ್ ಎಂಬ ಪದ್ಧತಿ ಉಂಟು. ಒಳಗಿರುವ ನೌಕರ ಒಬ್ಬರ ಹೆಸರು ಕೊಟ್ಟು ಅವರು ಆಯ್ಕೆಯಾದರೆ, ಹೆಸರು ಕೊಟ್ಟವರಿಗೆ ಬಹುಮಾನದ ಹಣ ಸಿಗುವುದೂ ಉಂಟು. ಆದರೆ ಒಳ್ಳೆಯ ಕಂಪೆನಿಯಲ್ಲಿ ಅದು ಮಾಡುವ ಕೆಲಸ ಒಂದೇ: ಸಾವಿರಾರು ಅರ್ಜಿಗಳ ರಾಶಿಯಿಂದ ಒಂದನ್ನು ಮೇಲೆತ್ತಿ ಯಾರಾದರೂ ಓದುವ ಹಾಗೆ ಮಾಡುವುದು. ಗೇಟು ದಾಟಿದ ಮೇಲೆ ಅಳತೆಗೋಲು ಬೇರೆ. ಆ ಅಳತೆಗೋಲು ಎಷ್ಟು ಬಿಗಿಯಾಗಿರುತ್ತದೋ ನಮ್ಮಂಥವರ ಮಕ್ಕಳಿಗೆ ಅಷ್ಟು ಒಳ್ಳೆಯದು ಎಂಬುದು ನಮ್ಮ ವಾದ. ಕೇಳಲು ವಿಚಿತ್ರ ಅನಿಸಬಹುದು, ಸ್ವಲ್ಪ ವಿವರಿಸಬೇಕು.

ಬಂದರಿನ ಸಗಟು ಅಂಗಡಿಯನ್ನೇ ತೆಗೆದುಕೊಳ್ಳಿ. ಐದು ಜನ ಕೆಲಸದವರಿರುವಾಗ ಮಾಲಕ ತಾನೇ ನೋಡಿ ಆಯ್ದುಕೊಳ್ಳುತ್ತಾನೆ. ಹುಡುಗನ ಬಾಪ ಯಾರು, ಯಾವ ಜಮಾಅತ್‌ನವರು, ಮನೆತನ ಹೇಗೆ ಎಂಬುದೆಲ್ಲ ಅವನಿಗೆ ಗೊತ್ತಿರುತ್ತದೆ. ಇದನ್ನು ಬರೀ ಸ್ವಜನಪಕ್ಷಪಾತ ಅಂತ ತಳ್ಳಿಹಾಕುವುದು ಸರಿಯಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸುವವನ ಬಗ್ಗೆ ಮಾಲಕನಿಗೆ ಬೇಕಾದ ಮಾಹಿತಿ ಅದೇ. ಆದರೆ ಅಂಗಡಿ ಐದು ಶಾಖೆ ಆಯಿತು, ನೂರು ಜನ ಬೇಕಾಯಿತು ಅಂತಾದಾಗ ಈ ಪದ್ಧತಿ ಮುರಿದು ಬೀಳುತ್ತದೆ. ಆಗ ಆಯ್ಕೆ ಮಾಡುವವನು ಮಾಲಕನಲ್ಲ, ನಿನ್ನೆ ಮೊನ್ನೆ ಸೇರಿದ ಮ್ಯಾನೇಜರ್. ಅವನಿಗೆ ಇವತ್ತೇ ಜನ ಬೇಕು.

ಅಮೆಝಾನ್‌ಗೆ ಆದದ್ದು ಇದೇ. 1994ರಲ್ಲಿ ಜೆಫ್ ಬೆಝೋಸ್ ಶುರು ಮಾಡಿದ ಕಂಪೆನಿಯಲ್ಲಿ 1997ರ ಒಂದೇ ವರ್ಷದಲ್ಲಿ ನೌಕರರ ಸಂಖ್ಯೆ 158ರಿಂದ 614ಕ್ಕೆ ಏರಿತು. ಮರುವರ್ಷದ ಕೊನೆಗೆ ಸುಮಾರು 2,100. ಆ ವರ್ಷದ ಬಗ್ಗೆ ಷೇರುದಾರರಿಗೆ ಬರೆದ ಪತ್ರದಲ್ಲಿ ಬೆಝೋಸ್ ನೇಮಕಾತಿಯ ವಿಷಯವನ್ನೇ ಪ್ರತ್ಯೇಕವಾಗಿ ಎತ್ತಿದರು. ಈ ವ್ಯಕ್ತಿಯನ್ನು ನೀವು ಮೆಚ್ಚಿಕೊಳ್ಳಬಲ್ಲಿರಾ, ಸೇರುವ ತಂಡದ ಸರಾಸರಿ ಮಟ್ಟವನ್ನು ಇವರು ಏರಿಸುತ್ತಾರಾ, ಯಾವ ವಿಷಯದಲ್ಲಿ ಇವರು ಅಸಾಧಾರಣರು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡು ನಿರ್ಧರಿಸಿ ಎಂಬುದು ಅದರ ತಾತ್ಪರ್ಯ. ಪತ್ರ ಬರೆದರೆ ಸಾಕಾ? ಸಾಲದು. 1999ರಲ್ಲಿ ಅವರು ಒಂದು ವ್ಯವಸ್ಥೆಯನ್ನೇ ಕಟ್ಟಿದರು. ಅದರ ಹೆಸರು ಬಾರ್ ರೈಸರ್. ಹೈಜಂಪ್‌ನಲ್ಲಿ ಕೋಲನ್ನು ಒಂದೊಂದೇ ಇಂಚು ಮೇಲಕ್ಕೆ ಇಡುತ್ತಾರಲ್ಲ, ಆ ಅರ್ಥ.

ಇದರ ಒಳಗಿನ ಯುಕ್ತಿ ನಮಗೆ ಬಹಳ ಹಿಡಿಸಿದೆ. ಸಂದರ್ಶನ ಮಾಡುವ ಗುಂಪಿನಲ್ಲಿ ಒಬ್ಬರು ಬೇರೆ ವಿಭಾಗದವರು ಇರುತ್ತಾರೆ. ಖಾಲಿ ಇರುವ ಕುರ್ಚಿ ಅವರದ್ದಲ್ಲ, ಕೆಲಸ ನಿಂತರೆ ತಲೆನೋವು ಅವರದ್ದಲ್ಲ, ಹಾಗಾಗಿ ಅವರಿಗೆ ಅವಸರವಿಲ್ಲ. ಮ್ಯಾನೇಜರ್ ಎಷ್ಟೇ ಒತ್ತಾಯ ಮಾಡಿದರೂ 'ಬೇಡ' ಅನ್ನುವ ಅಧಿಕಾರ ಅವರಿಗುಂಟು. ಎರಡು ತಿಂಗಳು ಹುಡುಕಿ ಸುಸ್ತಾದ ಮ್ಯಾನೇಜರ್‌ಗೆ ಮೂರನೇ ತಿಂಗಳು ಬಂದವರೆಲ್ಲ ಚೆನ್ನಾಗಿಯೇ ಕಾಣುತ್ತಾರೆ. ಮದುವೆ ಸಂಬಂಧ ನೋಡುವಾಗಲೂ ಹೀಗೇ ಆಗುತ್ತದೆ, ಬಿಡಿ. ಇನ್ನೊಂದು ನಿಯಮ: ಸಂದರ್ಶನ ಮಾಡಿದ ಪ್ರತಿಯೊಬ್ಬರೂ ಉಳಿದವರ ಅಭಿಪ್ರಾಯ ಓದುವ ಮೊದಲೇ ತಮ್ಮದನ್ನು ಬರೆದು ಕೊಡಬೇಕು. ಅಭ್ಯರ್ಥಿ ಹೇಳಿದ್ದೇನು, ಅದರಿಂದ ತನಗೆ ತಿಳಿದದ್ದೇನು, ಬೇಕೋ ಬೇಡವೋ, ಎಲ್ಲವನ್ನೂ. ಎಲ್ಲರೂ ಕೂತು ಮಾತಾಡುವುದು ಆಮೇಲೆ. ಮೇಲಧಿಕಾರಿ ಮೊದಲು ಬಾಯಿ ಬಿಟ್ಟರೆ ಉಳಿದವರು ತಲೆಯಾಡಿಸುವುದು ಎಲ್ಲಾ ಕಡೆ ಇರುವ ರೋಗ. ಅದಕ್ಕೆ ಇದು ಮದ್ದು.

ಗೂಗಲ್ ಇನ್ನೊಂದು ದಾರಿ ಹಿಡಿಯಿತು. ಸಂದರ್ಶನ ಮಾಡಿದವರ ಬರಹಗಳನ್ನೆಲ್ಲ ಒಟ್ಟುಮಾಡಿ, ಅಭ್ಯರ್ಥಿಯ ಮುಖವನ್ನೇ ನೋಡದ ಒಂದು ಸಮಿತಿಗೆ ಕೊಡುವುದು. ಯಾರ ಕೈಕೆಳಗೆ ಕೆಲಸವೋ ಆ ಮ್ಯಾನೇಜರ್ ಒಬ್ಬನೇ ನಿರ್ಧರಿಸುವ ಹಾಗಿರಲಿಲ್ಲ. 2006ರಿಂದ ಹತ್ತು ವರ್ಷ ಅಲ್ಲಿನ ಮಾನವ ಸಂಪನ್ಮೂಲ ವಿಭಾಗ ನಡೆಸಿದ ಲಾಸ್ಲೋ ಬಾಕ್, ಹಳೇ ಸಂದರ್ಶನಗಳ ಅಂಕಗಳನ್ನೂ ನೇಮಕವಾದವರ ನಂತರದ ಕೆಲಸವನ್ನೂ ಪಕ್ಕಪಕ್ಕ ಇಟ್ಟು ನೋಡಿಸಿದರು. ಗೂಗಲ್ ಹೆಸರುವಾಸಿಯಾಗಿದ್ದ ತಲೆಕೆರೆಯುವ ಒಗಟಿನ ಪ್ರಶ್ನೆಗಳಿಂದ ಏನೂ ತಿಳಿಯುವುದಿಲ್ಲ ಎಂದು 2013ರಲ್ಲಿ ಅವರು ಬಹಿರಂಗವಾಗಿಯೇ ಹೇಳಿದರು. ಕಾಲೇಜಿನ ಅಂಕ ಕೂಡಾ, ಹೊಸದಾಗಿ ಓದು ಮುಗಿಸಿ ಬಂದವರನ್ನು ಬಿಟ್ಟರೆ, ಹೆಚ್ಚೇನೂ ಹೇಳುವುದಿಲ್ಲವಂತೆ. ಎಲ್ಲರಿಗೂ ಒಂದೇ ಪ್ರಶ್ನೆ, ಮೊದಲೇ ನಿಗದಿ ಮಾಡಿದ ಅಳತೆ, ನಾಲ್ಕು ಸಂದರ್ಶನ. ಅಷ್ಟು ಸಾಕು ಎಂಬಲ್ಲಿಗೆ ಅವರು ಬಂದು ನಿಂತರು.

ಇಷ್ಟೆಲ್ಲ ಗೊತ್ತಿದ್ದ ಕಂಪೆನಿಗಳೇ ಕೊರೊನಾ ಕಾಲದಲ್ಲಿ ಎಡವಿದವು ಎಂಬುದನ್ನೂ ಹೇಳಬೇಕು. 2019ರ ಕೊನೆಗೆ ಸುಮಾರು 8 ಲಕ್ಷ ಇದ್ದ ಅಮೆಝಾನ್ ನೌಕರರು 2021ರ ಕೊನೆಗೆ 16 ಲಕ್ಷ ಆದರು. ಹೆಚ್ಚಿನವರು ಗೋದಾಮಿನವರು ನಿಜ, ಆದರೆ ಕಚೇರಿಗಳೂ ಉಬ್ಬಿದವು. 2022ರ ನವೆಂಬರ್‌ನಲ್ಲಿ ಫೇಸ್‌ಬುಕ್‌ನ ಮೆಟಾ 11,000 ಜನರನ್ನು ಮನೆಗೆ ಕಳಿಸಿತು. 2023ರ ಜನವರಿಯಲ್ಲಿ ಗೂಗಲ್ 12,000, ಅಮೆಝಾನ್ 18,000. ಬೆಳವಣಿಗೆ ಹೀಗೇ ಮುಂದುವರಿಯುತ್ತದೆ ಎಂಬ ತನ್ನ ಲೆಕ್ಕ ತಪ್ಪಾಯಿತು ಎಂದು ಝುಕರ್‌ಬರ್ಗ್ ಒಪ್ಪಿಕೊಂಡರು. ಒಪ್ಪಿಕೊಂಡದ್ದು ಅವರು, ಮನೆ ಸಾಲದ ಕಂತು ಕಟ್ಟಲಾಗದೆ ಕೂತವರು ಬೇರೆಯವರು. ಅಮೆರಿಕದಲ್ಲಿ ಎಚ್-1ಬಿ ವೀಸಾದಲ್ಲಿದ್ದವರಿಗೆ ಬೇರೆ ಕೆಲಸ ಹುಡುಕಲು ಸಿಗುವುದು 60 ದಿನ. ಇಲ್ಲಿಯೂ ಅದೇ ಹೊತ್ತಿಗೆ ವಿಪ್ರೋ, ವರ್ಷಕ್ಕೆ ಆರೂವರೆ ಲಕ್ಷ ಕೊಡುವುದಾಗಿ ಹೇಳಿದ್ದ ಹೊಸಬರಿಗೆ ಮೂರೂವರೆ ಲಕ್ಷಕ್ಕೆ ಬರುತ್ತೀರಾ ಅಂತ ಕೇಳಿತು. ಅವಸರದಲ್ಲಿ ತೆರೆದ ಬಾಗಿಲು ಅವಸರದಲ್ಲೇ ಮುಚ್ಚುತ್ತದೆ.

ಈಗ ನಮ್ಮ ಪಾಲಿನ ವಿಷಯಕ್ಕೆ ಬರೋಣ. ಹೆಸರು ನೋಡಿ ಕೈಬಿಡುವುದು ಬರೀ ನಮ್ಮ ಅನುಮಾನವಾ? ಅಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಎಂಬ ವಿದ್ವಾಂಸರು ಇಂಗ್ಲಿಷ್ ಪತ್ರಿಕೆಗಳ ಜಾಹೀರಾತು ನೋಡಿ ಖಾಸಗಿ ಕಂಪೆನಿಗಳಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮೇಲ್ಜಾತಿಯ ಹೆಸರಿಗಿಂತ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಕಡಿಮೆ, ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ಇದು ಎಲ್ಲಿ ನಡೆಯಿತು ಎಂಬುದನ್ನು ಗಮನಿಸಬೇಕು. ಸಂದರ್ಶನದಲ್ಲಲ್ಲ, ಗೇಟಿನಲ್ಲೇ. ಬರೆದಿಟ್ಟ ನಿಯಮ ಇಲ್ಲದೆ, ಒಬ್ಬ ಗುಮಾಸ್ತ ಅರ್ಜಿಗಳನ್ನು ಎಡಕ್ಕೂ ಬಲಕ್ಕೂ ಎಸೆಯುವ ಜಾಗದಲ್ಲಿ. ಹಾಗಾಗಿ ನಮ್ಮವರ ಸಂಪರ್ಕ, ರೆಫರಲ್ ಅಲ್ಲಿ ಕೆಲಸಕ್ಕೆ ಬರಲಿ, ತಪ್ಪಿಲ್ಲ. ಮುಚ್ಚಿದ ಗೇಟು ತಟ್ಟಲಿಕ್ಕೆ ಅದು ಬೇಕು.

ಆದರೆ ಗೇಟು ದಾಟಿದ ಮೇಲೆ ನಮ್ಮನ್ನು ಕಾಯುವುದು ಯಾವುದು? 'ನಮ್ಮ ವಾತಾವರಣಕ್ಕೆ ಹೊಂದಿಕೊಳ್ಳುವವರಾ' ಎಂಬ ಪ್ರಶ್ನೆ ಮಾತ್ರ ಕೇಳುವ ಕಂಪೆನಿಯಲ್ಲಿ ಗಡ್ಡ, ಸ್ಕಾರ್ಫ್, ಇಂಗ್ಲಿಷಿನ ಉಚ್ಚಾರಣೆ, ಸಂಜೆಯ ಪಾರ್ಟಿಗೆ ಬರುತ್ತಾನಾ ಇಲ್ಲವಾ ಎಂಬುದೆಲ್ಲ ಅರ್ಹತೆಯ ವೇಷ ಹಾಕಿ ಒಳಗೆ ಬರುತ್ತದೆ. ಸಡಿಲ ನೇಮಕಾತಿಯಲ್ಲಿ ಯಾವಾಗಲೂ ಗೆಲ್ಲುವುದು ಒಳಗಿರುವವರ ನೆಂಟರು, ಒಳಗಿರುವವರ ಹಾಗೆ ಕಾಣುವವರು. ನಮ್ಮವರು ಅಲ್ಲಿ ಎಷ್ಟು ಜನ ಇದ್ದಾರೆ ಅಂತ ಲೆಕ್ಕ ಹಾಕಿದರೆ ಆ ಆಟದಲ್ಲಿ ನಾವು ಗೆಲ್ಲುವುದಿಲ್ಲ ಎಂಬುದು ಗೊತ್ತಾಗುತ್ತದೆ. ಎಲ್ಲರಿಗೂ ಒಂದೇ ಪ್ರಶ್ನೆ, ಉತ್ತರಕ್ಕೆ ಬರಹದಲ್ಲಿ ಕಾರಣ, ಸಂಬಂಧವಿಲ್ಲದ ಮೂರನೆಯವರ ಕಣ್ಣು ಇರುವಲ್ಲಿ ದೇರಳಕಟ್ಟೆಯ ಹುಡುಗಿಗೂ ದೆಹಲಿಯ ಹುಡುಗನಿಗೂ ಅಂತರ ಕಡಿಮೆಯಾಗುತ್ತದೆ. ಪೂರ್ತಿ ಹೋಗುತ್ತದೆ ಅಂತ ಹೇಳುವಷ್ಟು ನಾವು ಮುಗ್ಧರಲ್ಲ.

ಹುಡುಗಿಯರ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಇದೇ ಅಮೆಝಾನ್ 2014ರಿಂದ ಬಯೋಡಾಟ ಆರಿಸುವ ಒಂದು ಕೃತಕ ಬುದ್ಧಿಮತ್ತೆಯ ಯಂತ್ರ ತಯಾರಿಸಲು ಹೊರಟಿತ್ತು. ಹಿಂದಿನ ಹತ್ತು ವರ್ಷದ ಅರ್ಜಿಗಳನ್ನು ಕೊಟ್ಟು ಕಲಿಸಿದರು. ಅವುಗಳಲ್ಲಿ ಹೆಚ್ಚಿನವು ಗಂಡಸರದ್ದು. ಯಂತ್ರ ಕಲಿತ ಪಾಠ ಏನೆಂದರೆ, ಮಹಿಳೆಯರ ಎಂಬ ಪದ ಕಂಡರೆ ಅಂಕ ಕಡಿಮೆ ಮಾಡುವುದು! ಕೊನೆಗೆ ಅದನ್ನು ಕೈಬಿಟ್ಟರು, 2018ರಲ್ಲಿ ರಾಯಿಟರ್ಸ್ ಅದನ್ನು ವರದಿ ಮಾಡಿತು. ನಿನ್ನೆ ಯಾರನ್ನು ತೆಗೆದುಕೊಂಡೆವು ಎಂಬುದೇ ಇವತ್ತಿನ ಮಾನದಂಡ ಆದರೆ ಹೊಸಬರಿಗೆ ಜಾಗ ಸಿಗುವುದಿಲ್ಲ. ನಮ್ಮ ಮನೆಗಳಲ್ಲಿ ಈಗ ಗಂಡುಮಕ್ಕಳಿಗಿಂತ ಶ್ರದ್ಧೆಯಿಂದ ಓದುತ್ತಿರುವ ಹೆಣ್ಣುಮಕ್ಕಳಿಗೆ ಇದು ದೂರದ ವಿಷಯವಲ್ಲ.

ಹಾಗೆಯೇ, ಎತ್ತರದ ಮಾನದಂಡ ಅಂತ ಕರೆಯುವುದೆಲ್ಲ ಮಾನದಂಡ ಅಲ್ಲ. ಎಸೆಸೆಲ್ಸಿ, ಪಿಯುಸಿ, ಪದವಿ ಎಲ್ಲದರಲ್ಲೂ ಶೇ. 60 ಇರಲೇಬೇಕು ಎಂಬ ಷರತ್ತು ನಮ್ಮ ದೇಶದ ಕ್ಯಾಂಪಸ್ ನೇಮಕಾತಿಯಲ್ಲಿ ಮಾಮೂಲಿ. ಹಳ್ಳಿಯ ಕನ್ನಡ ಮಾಧ್ಯಮದಲ್ಲಿ ಶೇ. 58 ತೆಗೆದು, ಆಮೇಲೆ ಇಂಜಿನಿಯರಿಂಗ್‌ನಲ್ಲಿ ಮೇಲೆ ಬಂದವನನ್ನು ವರ್ಷಗಳ ಹಿಂದಿನ ಎರಡು ಅಂಕಕ್ಕೆ ಹೊರಗಿಡುವುದು ಜರಡಿ ಹಿಡಿಯುವವರ ಸೋಮಾರಿತನ. ಇದನ್ನು ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗಗಳು ಕಂಪೆನಿಗಳ ಜತೆ ಮಾತಾಡಬೇಕು.

ನಮ್ಮ ಮಕ್ಕಳ ತಯಾರಿಯ ಬಗ್ಗೆ ಎರಡು ಮಾತು. ಇಂಥ ಸಂದರ್ಶನಗಳಲ್ಲಿ ಕೇಳುವುದು, ನೀನು ಮಾಡಿದ ಒಂದು ಕೆಲಸ ಹೇಳು ಅಂತ. ಸಮಸ್ಯೆ ಏನಿತ್ತು, ನಿನ್ನ ಪಾಲಿನ ಕೆಲಸ ಯಾವುದು, ಏನು ಮಾಡಿದೆ, ಏನಾಯಿತು? ನಮ್ಮ ಹುಡುಗರು 'ನಾವು ಮಾಡಿದೆವು' ಅನ್ನುತ್ತಾರೆ. ಮನೆಯಲ್ಲಿ ಕಲಿಸಿದ ವಿನಯ ಅದು, ಒಳ್ಳೆಯದೇ. ಆದರೆ ಎದುರು ಕೂತವನು ಬರೆದುಕೊಳ್ಳಬೇಕಾದದ್ದು 'ನಾನು' ಮಾಡಿದ್ದನ್ನು. ಜಂಬ ಬೇಡ, ಸತ್ಯವನ್ನು ಏಕವಚನದಲ್ಲಿ ಹೇಳಿದರೆ ಸಾಕು. ಕೊನೆಯ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ಅಂಗಡಿಯಿಂದ ತಂದವನಿಗೆ ಮಾತ್ರ ಎರಡನೇ ಪ್ರಶ್ನೆಗೇ ಬಾಯಿ ಕಟ್ಟುತ್ತದೆ. ಆಗ ಯಾವ ಕಾಕನ ವಾಸ್ತವೂ ಕೈಹಿಡಿಯುವುದಿಲ್ಲ.

ಕಂಪೆನಿಗಳಿಂದ ನ್ಯಾಯ ಕೇಳುವ ನಾವು ನಮ್ಮ ಸ್ವಂತ ಮನೆಯನ್ನೂ ನೋಡಬೇಕಲ್ಲ. ಕರಾವಳಿಯಲ್ಲಿ ನಮ್ಮವರು ನಡೆಸುವ ಶಾಲೆ, ಕಾಲೇಜು, ಆಸ್ಪತ್ರೆಗಳು ಬೆಳೆದಿವೆ. ಹುಡುಗರು ಸಾಫ್ಟ್‌ವೇರ್ ಕಂಪೆನಿಗಳನ್ನೂ ತೆರೆಯುತ್ತಿದ್ದಾರೆ. ಇಲ್ಲಿ ಟ್ರಸ್ಟಿಯ ಅಳಿಯ, ದಾನಿಯ ತಮ್ಮನ ಮಗ ಎಂಬ ಅರ್ಹತೆಗಳು ಇನ್ನೂ ಚಾಲ್ತಿಯಲ್ಲಿವೆ. ಅಬೂದರ್(ರ) ಪ್ರವಾದಿ(ಸ)ಯವರಿಗೆ ಎಷ್ಟು ಪ್ರಿಯರಾಗಿದ್ದರು ಎಂಬುದು ಉಸ್ತಾದರು ಹೇಳಿಕೊಟ್ಟದ್ದೇ. ಆದರೂ ಅವರು ಅಧಿಕಾರದ ಹುದ್ದೆ ಕೇಳಿದಾಗ ಸಿಗಲಿಲ್ಲ. ಅದು ಅಮಾನತ್, ಅದನ್ನು ಹೊರುವ ಬಲ ಬೇಕು ಎಂಬುದು ಕಾರಣ. ಸೂರಃ ಅಲ್ ಕಸಸ್‌ನಲ್ಲಿ ಮೂಸಾ ನಬಿಯವರನ್ನು ಕೂಲಿಗೆ ಇಟ್ಟುಕೊಳ್ಳಿ ಎಂದು ಮಗಳು ತಂದೆಗೆ ಹೇಳುವಾಗಲೂ ಬಲ, ನಂಬಿಕೆ ಎರಡೂ ಬರುತ್ತವೆ. ನಾವು ನಂಬಿಕೆಯನ್ನು ಮಾತ್ರ ನೋಡಿ, ಅದನ್ನೂ ನೆಂಟಸ್ತಿಕೆಯಿಂದ ಅಳೆಯುತ್ತೇವೆ.

ಬದಲಾಯಿಸಲು ಖರ್ಚೇನೂ ಇಲ್ಲ. ಶಿಕ್ಷಕಿಯರ ಹುದ್ದೆಗೆ ಜಾಹೀರಾತು ಕೊಡುವ ಮೊದಲೇ ಐದು ಪ್ರಶ್ನೆ ಬರೆದಿಡಲಿ, ಬಂದವರಿಗೆಲ್ಲ ಅವೇ ಪ್ರಶ್ನೆ ಕೇಳಲಿ. ಇನ್ನೊಂದು ಶಾಲೆಯ ಒಬ್ಬ ಅನುಭವಿಯನ್ನು ಕೂರಿಸಿ ಅವರಿಗೆ 'ಬೇಡ' ಅನ್ನುವ ಹಕ್ಕು ಕೊಡಲಿ. ಸಂಬಂಧಿಕರ ಅರ್ಜಿ ಇರುವ ಟ್ರಸ್ಟಿ ಆ ಹೊತ್ತು ಹೊರಗೆ ಚಾ ಕುಡಿಯಲಿ.

ಬೆಂಗಳೂರಿನಲ್ಲಿ, ದುಬೈಯಲ್ಲಿ ಇಂಥ ಕಂಪೆನಿಗಳ ಒಳಗಿರುವ ನಮ್ಮ ಯುವಕ ಯುವತಿಯರಿಗೂ ಒಂದು ವಿನಂತಿ. ಊರಿಂದ ಬಯೋಡಾಟ ಬಂದಾಗ ಅದನ್ನು ಮುಂದೆ ಕಳಿಸುವ ಮೊದಲು ಆ ಹುಡುಗನಿಗೆ ಅಥವಾ ಹುಡುಗಿಗೆ ಒಂದು ರವಿವಾರ ಅಸರ್ ನಮಾಝ್‌ನ ನಂತರ ಫೋನ್ ಮಾಡಿ. ಅರ್ಧ ಗಂಟೆ ನಿಜವಾದ ಸಂದರ್ಶನದ ಹಾಗೆ ಪ್ರಶ್ನೆ ಕೇಳಿ, ಉಳಿದ ಅರ್ಧ ಗಂಟೆ ಎಲ್ಲಿ ಎಡವಿದರು ಅಂತ ಮುಲಾಜಿಲ್ಲದೆ ಹೇಳಿ. ಉಮ್ಮಂದಿರಿಗೆ ಸ್ವಲ್ಪ ಬೇಜಾರಾಗಬಹುದು. ಆಮೇಲೆ ಬೇಕಾದರೆ ರೆಫರಲ್ ಕೊಡಿ.