ಕುದುರೆಯ ಹೊಟ್ಟೆನೋವಿಗೆ ಮೊಸರು ಮದ್ದೇ?

15ನೇ ಶತಮಾನದಲ್ಲಿ ಬೀದರ್‌ಗೆ ಬಂದು ತನ್ನ ಕುದುರೆ ಮಾರಿದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್, ಭಾರತದಲ್ಲಿ ಕುದುರೆಗಳಿಗೆ ಕಾಳು, ಸಕ್ಕರೆ ಹಾಕಿದ ಕಿಚಡಿ ತಿನ್ನಿಸುತ್ತಾರೆಂದು ಬರೆದಿದ್ದಾನೆ. ಕಾಳು ತಿಂದರೆ ಬಲ, ನಿಜ. ಆದರೆ ಒಮ್ಮೆಲೇ ಹೆಚ್ಚು ತಿನ್ನಿಸಿದರೆ?

ಹುಲ್ಲಿನ ನಾರನ್ನು ಅರಗಿಸುವುದು ಕುದುರೆಯ ದೊಡ್ಡ ಕರುಳಿನಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು. ಅರಗದ ಪಿಷ್ಟ ಅಲ್ಲಿಗೆ ತಲುಪಿದರೆ ಆಮ್ಲ ಹುಟ್ಟಿಸುವ ಬ್ಯಾಕ್ಟೀರಿಯಾ ಹೆಚ್ಚುತ್ತವೆ, ನಾರು ಅರಗಿಸುವವು ಸಾಯುತ್ತವೆ. ಇದರಿಂದ ಹೊಟ್ಟೆನೋವು, ಗೊರಸಿನ ಉರಿಯೂತ ಬರಬಹುದು. ಲದ್ದಿಯಲ್ಲಿನ ಡಿಎನ್‌ಎ ಪರೀಕ್ಷಿಸಿ ವಿಜ್ಞಾನಿಗಳು ಈ ಏರುಪೇರನ್ನು ಗುರುತಿಸುತ್ತಾರೆ.

ಹಾಗಾದರೆ 'ಒಳ್ಳೆಯ ಬ್ಯಾಕ್ಟೀರಿಯಾ' ಇರುವ ಮೊಸರು ಕುಡಿಸಿದರೆ ಸಾಕೇ? ಸಾಲದು. ಕೆನಡಾದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರೋಬಯಾಟಿಕ್ ಕೊಟ್ಟ ಕುದುರೆಮರಿಗಳಲ್ಲೇ ಭೇದಿ ಹೆಚ್ಚಾಗಿತ್ತು. ಬಲವಂತವಾಗಿ ಬಾಯಿಗೆ ಸುರಿದದ್ದು ಶ್ವಾಸಕೋಶಕ್ಕೂ ಇಳಿಯಬಹುದು.

ನಾವು ಹೇಳುವುದು ಇಷ್ಟೇ: ಮೇವು ಬದಲಿಸುವುದಾದರೆ ಏಳರಿಂದ ಹತ್ತು ದಿನ ಸ್ವಲ್ಪ ಸ್ವಲ್ಪವಾಗಿ ಬದಲಿಸಿ. ವೈದ್ಯರು ಹೇಳದೆ ಆ್ಯಂಟಿಬಯಾಟಿಕ್ ಕೊಡಬೇಡಿ. ಅದು ಕರುಳಿನ ಉಪಕಾರಿ ಜೀವಿಗಳನ್ನೂ ಕೊಲ್ಲುತ್ತದೆ. ಕುದುರೆ ಮೇವು ಬಿಟ್ಟು ಹೊರಳಾಡಿದರೆ, ಲದ್ದಿ ಹಾಕದಿದ್ದರೆ ತಡಮಾಡದೆ ಪಶುವೈದ್ಯರನ್ನು ಕರೆಯಿರಿ. ಮನ್ನಳ್ಳಿ ಸುತ್ತಲಿನವರಿಗೆ ಬೀದರ್‌ನಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮಾಡಿ.